ಯೇಸು ಗದರಿಸಿದ ಗಾಳಿ, ಗದರಿಸದೆ ಬಿಟ್ಟ ಗಾಳಿ

ಪ್ರಶ್ನೆ: ಕರಾವಳಿಯ ನಮ್ಮ ಸಭೆಯಲ್ಲಿ ನಾನು ಸಂಡೇ ಸ್ಕೂಲ್ ಟೀಚರ್. ಹೋದ ತಿಂಗಳು ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದ ಕೊನೆಯ ಭಾಗ, ಅಂದರೆ ಯೇಸು ಬಿರುಗಾಳಿಯನ್ನು ನಿಲ್ಲಿಸಿದ ಕಥೆ ಪಾಠಕ್ಕೆ ಬಂತು. ಪಾಠ ಮುಗಿದ ಮೇಲೆ ಹತ್ತು ವರ್ಷದ ಒಬ್ಬ ಹುಡುಗ, "ಟೀಚರ್, ನನ್ನ ಮಾವ ಹೋದ ಬೋಟಿನಲ್ಲಿ ಯೇಸು ಏಳಲೇ ಇಲ್ವಾ?" ಎಂದು ಕೇಳಿದ. ಅವನ ಸೋದರಮಾವ ಎರಡು ವರ್ಷದ ಹಿಂದೆ ಮೀನಿಗೆ ಹೋದವರು ತೂಫಾನಿಗೆ ಸಿಕ್ಕಿ ಮರಳಲಿಲ್ಲ. ಆ ರಾತ್ರಿಯಿಡೀ ಮನೆಯವರು ಪ್ರಾರ್ಥನೆಯಲ್ಲೇ ಇದ್ದರು. ನನಗೆ ಮಾತೇ ಹೊರಡಲಿಲ್ಲ. ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, "ಆ ಸರೋವರದಲ್ಲಿ ಗಾಳಿ ಎದ್ದ ಹಾಗೆಯೇ ನಿಂತುಬಿಡುತ್ತದಂತೆ. ಅದನ್ನೇ ಪವಾಡ ಅಂತ ಬರೆದಿದ್ದಾರೆ, ಅಷ್ಟೆ" ಅಂದರು. ಈ ಭಾಗವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಮಕ್ಕಳಿಗೆ ಏನು ಹೇಳಲಿ?

ಉತ್ತರ: ಸಹೋದರಿ, ನಿಮ್ಮ ಪತ್ರ ಬಂದು ಮೂರು ವಾರವಾಯಿತು. ತಡವಾದದ್ದು ಕೆಲಸದ ಒತ್ತಡದಿಂದಲ್ಲ. ಯಜಮಾನರ ಮಾತಿಗೆ ಉತ್ತರ ಅಂದೇ ಬರೆಯಬಹುದಿತ್ತು, ಆ ಹುಡುಗನ ಪ್ರಶ್ನೆಗೆ ಬರೆದದ್ದನ್ನೆಲ್ಲ ಮೂರು ಸಲ ಹರಿದು ಹಾಕಿದೆ. ಮೂವತ್ತು ವರ್ಷ ದೇವಶಾಸ್ತ್ರ ಕಲಿಸಿದವನಿಗೆ ಹತ್ತು ವರ್ಷದ ಹುಡುಗ ಹೀಗೆ ಕೆಲಸ ಕೊಡುತ್ತಾನೆ.

ಕಥೆ ನಿಮಗೆ ಗೊತ್ತು, ಬೇರೆ ಓದುಗರಿಗಾಗಿ ನಾಲ್ಕು ಮಾತು. ಯೇಸು ದಿನವಿಡೀ ದೋಣಿಯಲ್ಲಿ ಕೂತು ದಡದ ಜನರಿಗೆ ಸಾಮ್ಯಗಳನ್ನು, ಅಂದರೆ ಹೋಲಿಕೆಯ ಕಥೆಗಳನ್ನು, ಹೇಳಿದ್ದಾನೆ. ಸಂಜೆಯಾದಾಗ "ಆಚೇದಡಕ್ಕೆ ಹೋಗೋಣ" ಅನ್ನುತ್ತಾನೆ. ಶಿಷ್ಯರು ಆತನನ್ನು ಇದ್ದ ಹಾಗೆಯೇ ದೋಣಿಯಲ್ಲಿ ಕರೆದುಕೊಂಡು ಹೊರಡುತ್ತಾರೆ, ಬೇರೆ ದೋಣಿಗಳೂ ಜೊತೆಗಿರುತ್ತವೆ. ದೊಡ್ಡ ಬಿರುಗಾಳಿ ಏಳುತ್ತದೆ, ಅಲೆಗಳು ದೋಣಿಯೊಳಕ್ಕೆ ಬಡಿದು ನೀರು ತುಂಬುತ್ತದೆ. ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಾನೆ. ಶಿಷ್ಯರು ಎಬ್ಬಿಸಿ, "ಬೋಧಕನೇ, ನಾವು ಮುಳುಗಿ ಹೋಗುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವೇ?" ಎನ್ನುತ್ತಾರೆ. ಆತನು ಎದ್ದು ಗಾಳಿಯನ್ನು ಗದರಿಸುತ್ತಾನೆ, ಸಮುದ್ರಕ್ಕೆ ಸುಮ್ಮನಿರು ಎನ್ನುತ್ತಾನೆ. ಎಲ್ಲ ಶಾಂತವಾಗುತ್ತದೆ. "ಯಾಕೆ ಹೆದರುತ್ತೀರಿ, ಇನ್ನೂ ನಿಮಗೆ ನಂಬಿಕೆಯಿಲ್ಲವೇ?" ಎಂದು ಕೇಳುತ್ತಾನೆ. ಅವರು ಮೊದಲಿಗಿಂತ ಹೆಚ್ಚು ಹೆದರಿ, "ಈತನು ಯಾರಿರಬಹುದು? ಗಾಳಿಯೂ ಸಮುದ್ರವೂ ಈತನ ಮಾತು ಕೇಳುತ್ತವಲ್ಲಾ" ಎಂದು ಮಾತಾಡಿಕೊಳ್ಳುತ್ತಾರೆ.

ಮೊದಲು ನಿಮ್ಮ ಯಜಮಾನರ ಮಾತು. ಅವರು ಅರ್ಧ ಸರಿ. ಮಾರ್ಕನು ಸಮುದ್ರ ಎಂದು ಕರೆದದ್ದು ಗಲಿಲಾಯ ಸೀಮೆಯ ಒಂದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ 13 ಕಿಲೋಮೀಟರ್. ಇನ್ನೊಬ್ಬ ಸುವಾರ್ತೆಗಾರ ಲೂಕನು ಅದನ್ನು ಸರೋವರವೆಂದೇ ಬರೆದಿದ್ದಾನೆ. ಮಾರ್ಕ ಸಮುದ್ರ ಎಂದು ಬರೆದಾಗ ಅರಬ್ಬಿ ಸಮುದ್ರ ನೋಡಿ ಬೆಳೆದ ನಿಮ್ಮ ಮಕ್ಕಳ ಕಣ್ಣಿಗೆ ಬೇರೆಯೇ ಚಿತ್ರ ಬರುತ್ತದೆ. ಅದನ್ನು ಪಾಠದ ಮೊದಲೇ ಸರಿಪಡಿಸಿ. ಈ ಸರೋವರದ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ಸುತ್ತ ಗುಡ್ಡ, ಪೂರ್ವಕ್ಕೆ ಗೋಲಾನ್ ಪ್ರಸ್ಥಭೂಮಿ, ಈಶಾನ್ಯಕ್ಕೆ ಇನ್ನೂ ದೂರದಲ್ಲಿ 2,814 ಮೀಟರ್ ಎತ್ತರದ ಹೆರ್ಮೋನ್ ಪರ್ವತ. ತಗ್ಗಿನಲ್ಲಿ ಬಿಸಿಗಾಳಿ ಬಾಣಲೆಯಲ್ಲಿದ್ದ ಹಾಗೆ ನಿಂತಿರುತ್ತದೆ, ಎತ್ತರದ ತಣ್ಣನೆಯ ಗಾಳಿ ಕಣಿವೆಗಳ ಸಂದಿಯಿಂದ ಜಾರಿ ಬಂದು ಅದರ ಮೇಲೆ ಬೀಳುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಆ ಮೂಡಣ ಗಾಳಿಗೆ ಅಲ್ಲಿನ ಅರಬ್ಬಿ ಮಾತಿನಲ್ಲಿ ಶರ್ಕಿಯಾ ಎಂದು ಹೆಸರು, ಅದು ಮುನ್ಸೂಚನೆ ಕೊಟ್ಟು ಬರುವ ಜಾತಿಯದಲ್ಲ. ಹಾಗಾಗಿ ಬಿರುಗಾಳಿ ಎದ್ದದ್ದರಲ್ಲಿ ಪವಾಡವೇನೂ ಇಲ್ಲ, ಮಾರ್ಕನೂ ಇದೆ ಎಂದು ಹೇಳಿಲ್ಲ.

ಆದರೆ ಒಂದು ಮಾತು ಅವರಿಗೆ ಹೇಳಿ. ಆ ದೋಣಿಯಲ್ಲಿದ್ದವರಲ್ಲಿ ಪೇತ್ರ, ಅಂದ್ರೆಯ, ಯಾಕೋಬ, ಯೋಹಾನ ಈ ನಾಲ್ವರಾದರೂ ಅದೇ ನೀರಿನಲ್ಲಿ ಬಲೆ ಬೀಸಿ ಬದುಕಿದವರು. ಅಲ್ಲಿಯ ಗಾಳಿ ಹೇಗೆ ಏಳುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗಾಳಿ ತಾನಾಗಿ ನಿಂತಿದ್ದರೆ ಮೀನುಗಾರ "ಅಬ್ಬಾ, ಬಚಾವಾದೆವು" ಅನ್ನುತ್ತಾನೆಯೇ ಹೊರತು "ಈತನು ಯಾರು" ಎಂದು ನಡುಗುವುದಿಲ್ಲ. ಇನ್ನೊಂದು ವಿಷಯ ಬೋಟು ನಡೆಸುವ ನಿಮ್ಮೂರಿನ ಯಾವ ತಾಂಡೇಲನನ್ನು ಕೇಳಿದರೂ ಹೇಳಿಯಾನು: ಗಾಳಿ ನಿಂತ ತಕ್ಷಣ ನೀರು ನಿಲ್ಲುವುದಿಲ್ಲ. ಗಾಳಿ ಹೋದ ಮೇಲೂ ಅಲೆ ಹೊರಳುತ್ತಲೇ ಇರುತ್ತದೆ. ಸರೋವರದಲ್ಲಿ ಅದು ಸಮುದ್ರಕ್ಕಿಂತ ಬೇಗ ತಣಿಯುತ್ತದೆ, ನಿಜ. ಆದರೂ ಹೊತ್ತು ಬೇಕು. ಮಾರ್ಕನು ಗಾಳಿ ನಿಂತದ್ದನ್ನೂ ನೀರು ಶಾಂತವಾದದ್ದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ.

ಇದರಿಂದ ಪವಾಡ ಸಾಬೀತಾಯಿತೇ? ಇಲ್ಲ. ಸಾಬೀತು ಮಾಡುವುದು ನನ್ನ ಉದ್ದೇಶವೂ ಅಲ್ಲ. ಇದು ನಡೆಯಿತು ಎಂದೇ ನಾನು ನಂಬುತ್ತೇನೆ, ನಂಬದ ಒಳ್ಳೆಯ ವಿದ್ವಾಂಸರೂ ಇದ್ದಾರೆ. ನಾನು ಹೇಳುವುದು ಇಷ್ಟೇ. ಬರೆದವನು ಹವಾಮಾನ ತಿಳಿಯದ ಮುಗ್ಧನಲ್ಲ. ಅವನ ಕಣ್ಣು ಗಾಳಿ ಹೇಗೆ ನಿಂತಿತು ಎಂಬುದರ ಮೇಲಿಲ್ಲ, ಯಾರ ಮಾತಿಗೆ ನಿಂತಿತು ಎಂಬುದರ ಮೇಲಿದೆ.

ದೋಣಿಯ ಬಗ್ಗೆಯೂ ಹೇಳಿಬಿಡುತ್ತೇನೆ, ಮಕ್ಕಳಿಗೆ ಇದು ಇಷ್ಟವಾಗುತ್ತದೆ. 1986ರಲ್ಲಿ ಬರಗಾಲದಿಂದ ಸರೋವರದ ನೀರು ಇಳಿದಾಗ, ವಾಯವ್ಯ ದಡದ ಗಿನೋಸರ್ ಎಂಬಲ್ಲಿನ ಇಬ್ಬರು ಮೀನುಗಾರ ಅಣ್ಣತಮ್ಮಂದಿರಿಗೆ ಕೆಸರಿನಲ್ಲಿ ಒಂದು ಹಳೆಯ ದೋಣಿಯ ಅಂಚು ಕಂಡಿತು. ಅಗೆದು ತೆಗೆದು ಪರೀಕ್ಷಿಸಿದಾಗ ಅದು ಸುಮಾರು ಯೇಸುವಿನ ಕಾಲದ್ದು ಎಂದು ತಿಳಿಯಿತು. ಉದ್ದ 8.27 ಮೀಟರ್, ಅಗಲ 2.3 ಮೀಟರ್. ಈಗ ಅದೇ ಊರಿನ ವಸ್ತುಸಂಗ್ರಹಾಲಯದಲ್ಲಿ ಕಬ್ಬಿಣದ ತೊಟ್ಟಿಲಿನ ಮೇಲೆ ನಿಂತಿದೆ. ಅದರ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ಕಪ್ಪಾದ ಹಲಗೆಗಳು, ಒಂದರಂತೆ ಒಂದಿಲ್ಲ. ಹೆಚ್ಚಿನದು ದೇವದಾರು ಮತ್ತು ಓಕ್, ನಡುನಡುವೆ ಕೈಗೆ ಸಿಕ್ಕ ಹತ್ತಾರು ಬಗೆಯ ಮರದ ತೇಪೆ. ಯಾವನೋ ಬಡ ಮೀನುಗಾರ ಹೊಸ ದೋಣಿ ಕಟ್ಟಿಸಲು ದುಡ್ಡಿಲ್ಲದೆ ವರ್ಷವರ್ಷವೂ ಇದನ್ನೇ ರಿಪೇರಿ ಮಾಡಿಕೊಂಡಿದ್ದಿರಬೇಕು. ಇದೇ ಯೇಸುವಿನ ದೋಣಿ ಎಂದು ಗೈಡುಗಳು ಹೇಳುತ್ತಾರೆ, ಅದಕ್ಕೆ ಆಧಾರವಿಲ್ಲ. ಆದರೆ ಅಂಥದೇ ಒಂದು ದೋಣಿ ಎನ್ನಬಹುದು. ಅದರ ಗೋಡೆಯ ಎತ್ತರ ನೋಡಿದರೆ ಸಾಕು, "ಅಲೆಗಳು ಒಳಕ್ಕೆ ಬಡಿದವು" ಎಂಬ ಮಾತು ಅಲಂಕಾರವಲ್ಲ ಎಂದು ಗೊತ್ತಾಗುತ್ತದೆ. ಹದಿಮೂರು ಜನ ಅದರಲ್ಲಿ ಕೂತರೆ ಕಾಲು ಚಾಚಲು ಜಾಗವಿರುವುದಿಲ್ಲ. ಅಂಥದರಲ್ಲಿ ಒಬ್ಬ ನಿದ್ದೆ ಮಾಡುತ್ತಿದ್ದಾನೆ ಅಂದರೆ ಎಷ್ಟು ದಣಿದಿದ್ದಿರಬೇಕು!

ಇನ್ನು ಪದಗಳಿಗೆ ಬರೋಣ, ಕಥೆಯ ತಿರುಳು ಅಲ್ಲಿದೆ.

ಕನ್ನಡ ಬೈಬಲಿನಲ್ಲಿ ಯೇಸು ಗಾಳಿಯನ್ನು "ಗದರಿಸಿ" ಎಂದಿದೆ. ಒಳ್ಳೆಯ ಪದ. ಗದರಿಸುವುದು ತುಂಟ ಹುಡುಗನನ್ನು, ಬೊಗಳುವ ನಾಯಿಯನ್ನು. ಯಾರೂ ಗಾಳಿಯನ್ನು ಗದರಿಸುವುದಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಮಾತ್ರ ಒಬ್ಬನು ನೀರನ್ನು ಗದರಿಸುತ್ತಾನೆ. ಇಸ್ರಾಯೇಲರು ಐಗುಪ್ತದಿಂದ ಹೊರಟಾಗ ಯೆಹೋವನು ಕೆಂಪು ಸಮುದ್ರವನ್ನು ಗದರಿಸಿದನು, ಅದು ಒಣಗಿತು ಎಂದು 106ನೇ ಕೀರ್ತನೆ ಹಾಡುತ್ತದೆ. ಸೃಷ್ಟಿಯ ಹೊತ್ತಿನಲ್ಲಿ ಆತನ ಗದರಿಕೆಗೆ ನೀರು ಓಡಿಹೋಯಿತು ಎಂದು 104ನೇ ಕೀರ್ತನೆ. ಮಾರ್ಕನ ಮೊದಲ ಓದುಗರಲ್ಲಿ ಕೀರ್ತನೆಗಳನ್ನು ಬಾಯಿಪಾಠ ಬಲ್ಲವರಿಗೆ ಈ ಒಂದು ಕ್ರಿಯಾಪದ ಕೇಳಿದೊಡನೆ ಮೈ ಜುಂ ಎಂದಿರಬೇಕು.

ಎರಡನೆಯ ಪದ ಇನ್ನೂ ಚೆಂದ. ಸಮುದ್ರಕ್ಕೆ ಹೇಳಿದ ಮಾತಿನ ಎರಡನೇ ಭಾಗ ಗ್ರೀಕಿನಲ್ಲಿ "ಪೆಫಿಮೋಸೊ". ಫಿಮೋ ಎಂಬ ಧಾತುವಿನ ಮೂಲ ಅರ್ಥ ಪ್ರಾಣಿಯ ಬಾಯಿಗೆ ಕುಕ್ಕೆ ಕಟ್ಟುವುದು. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಎಂದು ಧರ್ಮೋಪದೇಶಕಾಂಡದಲ್ಲಿ ಒಂದು ನಿಯಮವಿದೆಯಲ್ಲ, ಹಳೆಯ ಗ್ರೀಕ್ ಅನುವಾದದಲ್ಲಿ ಅಲ್ಲಿರುವುದೂ ಇದೇ ಧಾತು. ನನ್ನ ತಂದೆ ಗದ್ದೆ ಉಳುತ್ತಿದ್ದವರು. ಒಕ್ಕಣೆಯ ದಿನ ಅಟ್ಟದಿಂದ ತೆಂಗಿನ ನಾರಿನ ಬಾಯಿಕುಕ್ಕೆಗಳನ್ನು ಇಳಿಸಿ ಧೂಳು ಕೊಡವುತ್ತಿದ್ದರು. ಒಂದು ಪೊಗರಿನ ಎತ್ತಿತ್ತು, ಕುಕ್ಕೆ ಕಂಡರೆ ತಲೆ ಒದರುತ್ತಿತ್ತು. ಅಪ್ಪ ಹೊಡೆಯುತ್ತಿರಲಿಲ್ಲ, ಕೊಂಬು ಹಿಡಿದು "ಏಯ್, ನಿಲ್ಲು" ಎನ್ನುತ್ತಿದ್ದರು ಅಷ್ಟೆ. ಗ್ರೀಕ್ ಕಲಿತ ಮೇಲೆ ಈ ವಚನ ಓದಿದಾಗಲೆಲ್ಲ ನನಗೆ ಕಾಣುವುದು ಆ ಕಣ. ಕ್ರಿಯಾಪದದ ರೂಪವೂ ಅಪರೂಪದ್ದು. ಬಾಯಿ ಕಟ್ಟಿಸಿಕೋ, ಕಟ್ಟಿಸಿಕೊಂಡೇ ಇರು, ಎಂದು ಅದರ ಧ್ವನಿ.

ಮಾರ್ಕನು ಇದೇ ಪದವನ್ನು ಮೊದಲನೆಯ ಅಧ್ಯಾಯದಲ್ಲೂ ಬಳಸಿದ್ದಾನೆ. ಕಪೆರ್ನೌಮಿನ ಸಭಾಮಂದಿರದಲ್ಲಿ ದೆವ್ವ ಹಿಡಿದವನೊಬ್ಬ ಕೂಗಿದಾಗ ಯೇಸು ಆ ದೆವ್ವವನ್ನು ಗದರಿಸಿ "ಬಾಯಿಮುಚ್ಚು" ಅನ್ನುತ್ತಾನಲ್ಲ, ಅಲ್ಲಿ. ಮನುಷ್ಯನನ್ನು ಹಿಡಿದು ಒದ್ದಾಡಿಸುವ ಶಕ್ತಿಗೂ ದೋಣಿಯನ್ನು ಹಿಡಿದು ಒದ್ದಾಡಿಸುವ ನೀರಿಗೂ ಒಂದೇ ಬಗೆಯ ಅಪ್ಪಣೆ.

ಯೆಹೂದ್ಯರು ಕಡಲಿನ ಜನರಲ್ಲ. ಅವರಿಗೆ ಸಮುದ್ರವೆಂದರೆ ವ್ಯಾಪಾರದ ದಾರಿ ಎಂಬುದಕ್ಕಿಂತ ಹೆಚ್ಚಾಗಿ, ಸೃಷ್ಟಿಗೆ ಮುಂಚಿನ ಗೊಂದಲದ ಪಳೆಯುಳಿಕೆ. ಅವರ ನೆರೆಹೊರೆಯವರ ಪುರಾಣಗಳಲ್ಲಿ ದೇವರುಗಳು ಸಮುದ್ರದ ಜೊತೆ ಕಾದಾಡಿಯೇ ಗೆಲ್ಲಬೇಕು. ಸಿರಿಯಾದ ಕರಾವಳಿಯ ಉಗಾರಿತ್ ಎಂಬ ಹಳೆಯ ಪಟ್ಟಣದಲ್ಲಿ 1929ರಿಂದ ನಡೆದ ಉತ್ಖನನದಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿ ಬಾಳ ಎಂಬ ದೇವರು ಯಮ್ಮು ಎಂಬ ಸಮುದ್ರದೇವತೆಯನ್ನು ಗದೆಗಳಿಂದ ಹೊಡೆದು ಸೋಲಿಸುವ ಕಥೆಯಿದೆ. ಹೀಬ್ರೂವಿನಲ್ಲಿ ಸಮುದ್ರಕ್ಕೆ ಯಾಮ್ ಎನ್ನುತ್ತಾರೆ, ಹೆಸರಿನ ನಂಟು ಕಾಣುತ್ತದೆಯಲ್ಲ. ನಮ್ಮ ಸುತ್ತಲಿನ ಮಕ್ಕಳಿಗೆ ರಾಮನು ಸಮುದ್ರರಾಜನ ಮೇಲೆ ಬಿಲ್ಲೆತ್ತಿದ ಕಥೆ ಗೊತ್ತು, ಅಲ್ಲಿ ಸಮುದ್ರ ಎದ್ದು ಬಂದು ಕೈಮುಗಿದು ಮಾತಾಡುತ್ತದೆ. ಯೋಬನ ಪುಸ್ತಕದ 38ನೇ ಅಧ್ಯಾಯದಲ್ಲಿ ಕಾಳಗವೂ ಇಲ್ಲ, ಸಂಧಾನವೂ ಇಲ್ಲ. ಅಲ್ಲಿ ಸಮುದ್ರ ಆಗತಾನೇ ಹುಟ್ಟಿದ ಕೂಸು. ದೇವರು ಅದಕ್ಕೆ ಮೋಡದ ಬಟ್ಟೆ ತೊಡಿಸಿ, ಕತ್ತಲೆಯನ್ನು ಸುತ್ತುಬಟ್ಟೆಯಾಗಿ ಸುತ್ತಿ, ಬಾಗಿಲಿಗೆ ಅಗುಳಿ ಹಾಕಿ, ಇಲ್ಲಿಯವರೆಗೆ ಬಾ, ಮುಂದೆ ಬರಬೇಡ, ಅನ್ನುತ್ತಾನೆ. ಇಡೀ ಬೈಬಲಿನಲ್ಲಿ ನನಗೆ ಇಷ್ಟವಾದ ಸಾಲುಗಳಲ್ಲಿ ಇವೂ ಸೇರಿವೆ. ಗಲಿಲಾಯದ ದೋಣಿಯಲ್ಲಿ ಎದ್ದು ನಿಂತವನ ದನಿಯಲ್ಲಿ, ಕೂಸಿಗೆ ಬಟ್ಟೆ ಸುತ್ತಿ ಬಾಗಿಲು ಹಾಕುವ ತಾಯಿಯ ಅದೇ ಗತ್ತಿದೆ.

ಈಗ ಯೋನನ ಪುಸ್ತಕ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಅಲ್ಲಿಯೂ ಹಡಗು, ಬಿರುಗಾಳಿ, ಒಳಗೆ ಮಲಗಿ ಗಾಢನಿದ್ದೆಯಲ್ಲಿರುವ ಒಬ್ಬ. ಹಡಗಿನ ಯಜಮಾನ ಬಂದು, ಎದ್ದು ನಿನ್ನ ದೇವರಿಗೆ ಮೊರೆಯಿಡು, ನಾವು ಸಾಯದ ಹಾಗೆ ಆತನು ನೋಡಿಯಾನು, ಎನ್ನುತ್ತಾನೆ. ಕೊನೆಗೆ ಸಮುದ್ರ ಶಾಂತವಾದಾಗ ನಾವಿಕರು ಬಹಳವಾಗಿ ಹೆದರುತ್ತಾರೆ. ಮಾರ್ಕನು ಆ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾನೆ ಎಂದು ನಾನು ತಿಳಿಯುತ್ತೇನೆ. ಆದರೆ ಒಂದು ಕಡೆ ದಾರಿ ಬೇರೆಯಾಗುತ್ತದೆ. ಯೋನನಿಗೆ ಪ್ರಾರ್ಥನೆ ಮಾಡು ಎಂದರು. ಕೆಂಪು ಸಮುದ್ರದ ಮುಂದೆ ಮೋಶೆ ದೇವರ ಅಪ್ಪಣೆ ಪಡೆದು ಕೋಲು ಎತ್ತಿದ. ಮಳೆಗಾಗಿ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಮೊಣಕಾಲುಗಳ ನಡುವೆ ಮುಖವಿಟ್ಟು ಕೂತ. ಯೇಸು ಈ ದೋಣಿಯಲ್ಲಿ ಪ್ರಾರ್ಥನೆಯನ್ನೇ ಮಾಡುವುದಿಲ್ಲ. ಮೇಲೆ ನೋಡುವುದಿಲ್ಲ, ಯಾರ ಹೆಸರನ್ನೂ ಹೇಳುವುದಿಲ್ಲ. ನೇರವಾಗಿ ಗಾಳಿಗೆ ಹೇಳುತ್ತಾನೆ. ಶಿಷ್ಯರು ನಡುಗಿದ್ದು ಇದಕ್ಕೆ. ದೇವರಿಗೆ ಹತ್ತಿರದವನು ಎಂದುಕೊಂಡು ಕರೆತಂದವನು ದೇವರ ಜಾಗದಲ್ಲಿ ನಿಂತು ಮಾತಾಡಿದ.

ಈ ಭಾಗದಲ್ಲಿ "ದೊಡ್ಡ" ಎಂಬ ಅರ್ಥದ ಮೆಗಾಸ್ ಎಂಬ ಪದ ಮೂರು ಸಲ ಬರುತ್ತದೆ: ದೊಡ್ಡ ಬಿರುಗಾಳಿ, ದೊಡ್ಡ ಶಾಂತತೆ, ದೊಡ್ಡ ಭಯ. ಅನುವಾದಗಳಲ್ಲಿ ಮೂರಕ್ಕೂ ಬೇರೆಬೇರೆ ವಿಶೇಷಣ ಬಂದು ಈ ಲಯ ತಪ್ಪಿಹೋಗುತ್ತದೆ. ಕ್ರಮ ನೋಡಿ, ದೊಡ್ಡ ಭಯ ಬರುವುದು ಶಾಂತವಾದ ಮೇಲೆ. ಸಂಡೇ ಸ್ಕೂಲ್ ಚಿತ್ರಗಳಲ್ಲಿ ಆ ಹೊತ್ತಿಗೆ ಎಲ್ಲರೂ ನಗುತ್ತಿರುತ್ತಾರೆ. ಮಾರ್ಕನ ದೋಣಿಯಲ್ಲಿ ಯಾರೂ ನಗುತ್ತಿಲ್ಲ.

ಚಿತ್ರ ಎಂದಾಗ ನೆನಪಾಯಿತು. ರೆಂಬ್ರಾಂಟ್ 1633ರಲ್ಲಿ ಈ ದೃಶ್ಯವನ್ನು ಬಿಡಿಸಿದ್ದಾನೆ, ಅವನ ಒಂದೇ ಒಂದು ಸಮುದ್ರದ ಚಿತ್ರ. ಒಬ್ಬ ದೋಣಿಯಂಚಿಗೆ ಬಗ್ಗಿ ವಾಂತಿ ಮಾಡುತ್ತಿದ್ದಾನೆ, ಇನ್ನೊಬ್ಬ ಹಗ್ಗ ಹಿಡಿದು ನಮ್ಮ ಕಡೆಗೇ ನೋಡುತ್ತಿದ್ದಾನೆ. ಆ ಮುಖ ಚಿತ್ರಕಾರನದ್ದೇ ಎನ್ನುತ್ತಾರೆ. 1990ರಲ್ಲಿ ಬಾಸ್ಟನ್ನಿನ ಒಂದು ಮ್ಯೂಸಿಯಂನಿಂದ ಕಳ್ಳರು ಅದನ್ನು ಚೌಕಟ್ಟಿನಿಂದ ಕೊಯ್ದು ಒಯ್ದರು, ಇನ್ನೂ ಸಿಕ್ಕಿಲ್ಲ. ಖಾಲಿ ಚೌಕಟ್ಟು ಮಾತ್ರ ಗೋಡೆಯಲ್ಲಿದೆ. ಮೊಬೈಲಿನಲ್ಲಿ ಹುಡುಕಿ ಮಕ್ಕಳಿಗೆ ತೋರಿಸಿ, ವಾಂತಿ ಮಾಡುವವನನ್ನು ಅವರು ಮರೆಯುವುದಿಲ್ಲ.

ಸರಿ, ಸುತ್ತಿ ಬಳಸಿದ್ದು ಸಾಕು. ಆ ಹುಡುಗ.

ಅವನಿಗೆ ಹೇಳಬಾರದ ಉತ್ತರಗಳನ್ನು ಮೊದಲು ತೆಗೆದುಹಾಕುತ್ತೇನೆ, ಏಕೆಂದರೆ ಅವನು ಅವನ್ನು ಈಗಾಗಲೇ ಯಾರ ಬಾಯಿಂದಲೋ ಕೇಳಿರುವ ಸಾಧ್ಯತೆಯಿದೆ.

ಮನೆಯವರ ನಂಬಿಕೆ ಸಾಲಲಿಲ್ಲ ಎಂಬುದು ಒಂದು. ಶವವಿಲ್ಲದ ಮನೆಯ ಜಗುಲಿಯಲ್ಲಿ ಕೂತು ಈ ಮಾತಾಡಿದವರನ್ನು ನಾನು ಕಂಡಿದ್ದೇನೆ. ಇದು ಕ್ರೂರ, ಅಷ್ಟೇ ಅಲ್ಲ, ಈ ಭಾಗದ ಪ್ರಕಾರವೇ ತಪ್ಪು. ಮಾರ್ಕನಲ್ಲಿ ಗಾಳಿ ನಿಲ್ಲುವುದು 39ನೇ ವಚನದಲ್ಲಿ. "ನಿಮಗೆ ಇನ್ನೂ ನಂಬಿಕೆಯಿಲ್ಲವೇ" ಎಂಬ ಮಾತು ಬರುವುದು 40ರಲ್ಲಿ. ಅಂದರೆ ಗಾಳಿ ನಿಂತದ್ದು ನಂಬಿಕೆಯಿಲ್ಲದವರಿಗಾಗಿ. ನಂಬಿಕೆ ಇಲ್ಲಿ ಟಿಕೆಟ್ ದರವಲ್ಲ. ಮತ್ತಾಯನು ಇದೇ ಕಥೆಯನ್ನು ಹೇಳುವಾಗ ಮಾತನ್ನು ಮೊದಲಿಗೆ ತಂದು ಪವಾಡವನ್ನು ಆಮೇಲೆ ಇಟ್ಟಿದ್ದಾನೆ, ಶಿಷ್ಯರನ್ನು ಅಲ್ಪವಿಶ್ವಾಸಿಗಳೇ ಎಂದು ಕರೆಯುತ್ತಾನೆ. ಅಲ್ಲಿಯೂ ಗಾಳಿ ನಿಲ್ಲುವುದು ಅಲ್ಪ ನಂಬಿಕೆಯವರಿಗಾಗಿಯೇ.

ಪಾಪಕ್ಕೆ ಶಿಕ್ಷೆ ಎಂಬುದು ಇನ್ನೊಂದು. ಯೆರೂಸಲೇಮಿನಲ್ಲಿ ಸಿಲೋವದ ಬುರುಜು ಬಿದ್ದು 18 ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಅಪರಾಧಿಗಳೆಂದು ತಿಳಿಯುತ್ತೀರೋ ಎಂದು ಯೇಸು ಕೇಳಿ, ಇಲ್ಲ ಎಂದು ತಾನೇ ಉತ್ತರ ಕೊಟ್ಟಿದ್ದಾನೆ. ಲೂಕ 13ನೇ ಅಧ್ಯಾಯ. ಇದರ ಮೇಲೆ ಚರ್ಚೆ ಬೇಡ.

ಮೂರನೆಯದು ಪುಲ್ಪಿಟ್ಟಿನಲ್ಲಿ ಹೆಚ್ಚು ಕೇಳುವಂಥದ್ದು, ಬಿರುಗಾಳಿ ಎಂದರೆ ನಮ್ಮ ಮನಸ್ಸಿನ ಬಿರುಗಾಳಿ ಎನ್ನುವ ವ್ಯಾಖ್ಯಾನ. ಇದು ಹೊಸದಲ್ಲ. ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದು 430ರಲ್ಲಿ ತೀರಿಕೊಂಡ ಅಗಸ್ಟೀನನು ಈ ಭಾಗದ ಮೇಲಿನ ಪ್ರಸಂಗದಲ್ಲಿ ಹೀಗೆಯೇ ಬಿಡಿಸಿ ಹೇಳಿದ್ದಾನೆ: ನಿನ್ನನ್ನು ಯಾರೋ ಬೈದರೆ ಅದು ಗಾಳಿ, ನಿನಗೆ ಸಿಟ್ಟು ಬಂದರೆ ಅದು ಅಲೆ, ನಿನ್ನೊಳಗೆ ಕ್ರಿಸ್ತನು ಮಲಗಿದ್ದಾನೆ, ಎಬ್ಬಿಸು, ಎನ್ನುವ ಅರ್ಥದಲ್ಲಿ. ಸಿಟ್ಟಿನ ಮನುಷ್ಯನಾದ ನನಗೆ ಅದು ಹಲವು ಸಲ ಔಷಧಿಯಾಗಿದೆ. ಆದರೆ ನಿಜವಾದ ಗಾಳಿಯಲ್ಲಿ ನಿಜವಾದ ಮಾವನನ್ನು ಕಳೆದುಕೊಂಡ ಹುಡುಗನಿಗೆ ಮನಸ್ಸಿನ ಬಿರುಗಾಳಿಯ ಮಾತು ಹೇಳುವುದು ಪ್ರಶ್ನೆಯಿಂದ ಜಾರಿಕೊಳ್ಳುವುದು. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಹಾಗಾದರೆ ಹೇಳುವುದೇನು?

ಅವನ ಪ್ರಶ್ನೆ ಬೈಬಲಿನಲ್ಲಿ ಈಗಾಗಲೇ ಇದೆ ಎಂದು ತೋರಿಸಿ. 38ನೇ ವಚನ: ನಿನಗೆ ಚಿಂತೆಯೇ ಇಲ್ಲವೇ? ಇದು ಪ್ರಾರ್ಥನೆಯ ಭಾಷೆಯಲ್ಲ, ಜಗಳದ ಭಾಷೆ. ನಾವೆಲ್ಲ ದೋಣಿಯ ನೀರು ಮೊಗೆದು ಮೊಗೆದು ಸಾಯುತ್ತಿದ್ದರೆ ನೀನೊಬ್ಬ ಮಲಗಿದ್ದೀಯಲ್ಲ, ಎನ್ನುವ ಧ್ವನಿ. ಅವರು ಪವಾಡ ಕೇಳಲು ಎಬ್ಬಿಸಿರಲಿಕ್ಕಿಲ್ಲ, ಬಂದು ಎರಡು ಕೈ ನೀರು ಮೊಗೆ ಎನ್ನಲು ಎಬ್ಬಿಸಿರಬಹುದು ಎಂದು ನನಗೆ ಅನ್ನಿಸುತ್ತದೆ, ಇಲ್ಲದಿದ್ದರೆ ಆಮೇಲೆ ಅಷ್ಟು ಬೆಚ್ಚುತ್ತಿರಲಿಲ್ಲ. ಮತ್ತಾಯನು ಈ ಮಾತನ್ನು "ಕರ್ತನೇ, ಕಾಪಾಡು" ಎಂದು ನಯಗೊಳಿಸಿದ್ದಾನೆ. ಲೂಕನು "ಗುರುವೇ, ಗುರುವೇ" ಎಂದು ಮೆತ್ತಗೆ ಮಾಡಿದ್ದಾನೆ. ಮಾರ್ಕನು ಒರಟಾಗಿಯೇ ಬಿಟ್ಟ. ಯೇಸು ಅವರ ಭಯವನ್ನು ಪ್ರಶ್ನಿಸುತ್ತಾನೆ, ಆದರೆ "ನನ್ನನ್ನು ಹಾಗೆ ಕೇಳಿದ್ದೇಕೆ" ಎನ್ನುವುದಿಲ್ಲ. ಇದಕ್ಕೂ ಹಿಂದೆ 44ನೇ ಕೀರ್ತನೆ, ಕರ್ತನೇ ಎದ್ದೇಳು, ಯಾಕೆ ನಿದ್ದೆ ಮಾಡುತ್ತೀ, ಎಂದು ಕೂಗಿದೆ. ಅದೇ ಪುಸ್ತಕದ 121ನೇ ಕೀರ್ತನೆ ಇಸ್ರಾಯೇಲನ್ನು ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎನ್ನುತ್ತದೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಹೊಲಿದಿಟ್ಟ ಜನರು ಎಂಥ ಪ್ರಾಮಾಣಿಕರು ನೋಡಿ. ನಿಮ್ಮ ಹುಡುಗ ಕೇಳಿದ್ದು 44ನೇ ಕೀರ್ತನೆ.

ಆಮೇಲೆ ಅವನಿಗೆ ನಿಲ್ಲದ ಬಿರುಗಾಳಿಯ ಕಥೆಯನ್ನೂ ಹೇಳಿ. ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ. ಕೈದಿಯಾಗಿ ರೋಮಿಗೆ ಹೊರಟ ಪೌಲನ ಹಡಗು, ಒಳಗೆ 276 ಜನ. ಹದಿನಾಲ್ಕು ರಾತ್ರಿ ಸೂರ್ಯನಿಲ್ಲ, ನಕ್ಷತ್ರವಿಲ್ಲ. ಸರಕು ಎಸೆದರು, ಹಗ್ಗ ಸುತ್ತಿ ಹಡಗನ್ನು ಬಿಗಿದರು, ಹಿಂಭಾಗದಿಂದ ನಾಲ್ಕು ಲಂಗರು ಇಳಿಸಿ ಬೆಳಗಾಗಲೆಂದು ಹಾರೈಸಿದರು. ಅಪೊಸ್ತಲನು ಹಡಗಿನಲ್ಲಿದ್ದರೂ, ಅವನು ಪ್ರಾರ್ಥಿಸುತ್ತಿದ್ದರೂ, ಗಾಳಿ ನಿಲ್ಲಲಿಲ್ಲ. ಹಡಗು ಮರಳಿನಲ್ಲಿ ಸಿಕ್ಕಿ ಒಡೆಯಿತು, ಈಜಬಲ್ಲವರು ಈಜಿ, ಉಳಿದವರು ಹಲಗೆ ಹಿಡಿದು ಮಾಲ್ಟಾ ದ್ವೀಪ ಸೇರಿದರು. ಅದಕ್ಕೂ ಮೊದಲೇ ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ, ಮೂರು ಸಲ ನನ್ನ ಹಡಗು ಒಡೆಯಿತು, ಒಂದು ರಾತ್ರಿ ಒಂದು ಹಗಲು ಸಮುದ್ರದ ಮೇಲಿದ್ದೆ, ಎಂದು ಬರೆದುಕೊಂಡಿದ್ದಾನೆ. ಗಲಿಲಾಯದಲ್ಲಿ ನಡೆದದ್ದು ಪ್ರತಿಸಲವೂ ನಡೆಯುತ್ತದೆ ಎಂದು ಮೊದಲ ಕ್ರೈಸ್ತರೇ ತಿಳಿದಿರಲಿಲ್ಲ. ಹೆಚ್ಚಿನ ವಿದ್ವಾಂಸರ ಲೆಕ್ಕದಲ್ಲಿ ಮಾರ್ಕನು ಬರೆದದ್ದು ಕ್ರಿ.ಶ. 70ರ ಆಸುಪಾಸು. ಅಷ್ಟರಲ್ಲಿ ನೀರೋ ಚಕ್ರವರ್ತಿ ರೋಮಿನಲ್ಲಿ ಕ್ರೈಸ್ತರನ್ನು ಕೊಲ್ಲಿಸಿಯಾಗಿತ್ತು. ಆ ಓದುಗರ ಪೈಕಿ ಅನೇಕರ ಮನೆಗಳಲ್ಲಿ ಮರಳದವರು ಇದ್ದಿರಬೇಕು. ಅಂಥವರಿಗೆ ಓದಿಹೇಳಲು ಬರೆದ ಕಥೆ ಇದು.

ಆದರೂ ಅವನು ಬಿಡುವುದಿಲ್ಲ. ಮತ್ತೆ ಯಾಕೆ ಅವರಿಗೆ ನಿಲ್ಲಿಸಿದ, ಮಾವನಿಗೆ ನಿಲ್ಲಿಸಲಿಲ್ಲ, ಅನ್ನುತ್ತಾನೆ. ಆಗ "ನನಗೆ ಗೊತ್ತಿಲ್ಲ ಮಗಾ" ಅನ್ನಿ. ಟೀಚರ್ ಬಾಯಿಂದ ಈ ಮಾತು ಬಂದರೆ ನಂಬಿಕೆ ಕುಸಿಯುವುದಿಲ್ಲ. ಯೋಬನ ಮೂವರು ಗೆಳೆಯರು ತಮಗೆ ಗೊತ್ತಿದೆ ಎಂದು ಅಧ್ಯಾಯಗಟ್ಟಲೆ ಮಾತಾಡಿ ಕೊನೆಗೆ ದೇವರಿಂದ ಬೈಸಿಕೊಂಡರು.

ಅವನು ದೊಡ್ಡವನಾದ ಮೇಲೆ ಅಥವಾ ಈಗಲೇ, ನೀವು ನೋಡಿಕೊಂಡು, ಇನ್ನೊಂದು ಜಾಗ ತೋರಿಸಿ. ಮಾರ್ಕ 14. ಗೆತ್ಸೇಮನೆ ತೋಟ, ರಾತ್ರಿ. ಈ ಸಲ ನಿದ್ದೆ ಮಾಡುತ್ತಿರುವವರು ಶಿಷ್ಯರು, ಎಚ್ಚರವಾಗಿರುವವನು ಯೇಸು. "ಸೀಮೋನನೇ, ನಿದ್ದೆ ಮಾಡುತ್ತೀಯಾ?" ಎಂದು ಆತನು ಕೇಳುತ್ತಾನೆ. ದೋಣಿಯಲ್ಲಿ ಆತನ ನಿದ್ದೆಗೆ ಮಾರ್ಕ ಬಳಸಿದ ಕ್ರಿಯಾಪದವೇ ಇಲ್ಲಿದೆ. ದೋಣಿಯಲ್ಲಿ ಪ್ರಾರ್ಥನೆ ಮಾಡದೆ ಅಪ್ಪಣೆ ಕೊಟ್ಟವನು ಇಲ್ಲಿ ನೆಲಕ್ಕೆ ಬಿದ್ದು ಬೇಡುತ್ತಾನೆ: ಅಪ್ಪಾ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು. ತೊಲಗಲಿಲ್ಲ. ಮರುದಿನ ಶಿಲುಬೆಯ ಕೆಳಗೆ ನಿಂತವರು, ಇವನು ಬೇರೆಯವರನ್ನು ಉಳಿಸಿದನು, ತನ್ನನ್ನು ತಾನು ಉಳಿಸಿಕೊಳ್ಳಲಾರ, ಎಂದು ನಗುತ್ತಾರೆ. ನಾಲ್ಕನೇ ಅಧ್ಯಾಯದ "ಈತನು ಯಾರಿರಬಹುದು" ಎಂಬ ಪ್ರಶ್ನೆಗೆ ಮನುಷ್ಯರ ಬಾಯಿಂದ ಪೂರ್ತಿ ಉತ್ತರ ಬರುವುದು ಅಲ್ಲಿ, ಸತ್ತವನನ್ನು ನೋಡಿ ಮಾತಾಡಿದ ಒಬ್ಬ ರೋಮನ್ ಶತಾಧಿಪತಿಯ ಬಾಯಿಂದ: ನಿಜವಾಗಿಯೂ ಈ ಮನುಷ್ಯನು ದೇವರ ಮಗನಾಗಿದ್ದನು. ಗಾಳಿ ನಿಂತ ಕಥೆಯನ್ನು ಇಲ್ಲಿಯವರೆಗೆ ತಾರದೆ ಅರ್ಧದಲ್ಲಿ ನಿಲ್ಲಿಸಿದರೆ ಯೇಸು ಹವಾಮಾನ ಇಲಾಖೆಯ ಅಧಿಕಾರಿಯಾಗಿಬಿಡುತ್ತಾನೆ, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧಕ್ಕೂ ಬೋಟಿನ ವೈರ್‌ಲೆಸ್ಸಿಗೂ ಬದಲಿಯಾಗಿಬಿಡುತ್ತಾನೆ. ಹುಡುಗರಿಗೆ ಅದನ್ನೂ ಹೇಳಿ: ಎಚ್ಚರಿಕೆ ಬಂದ ದಿನ ಬೋಟು ಇಳಿಸದಿರುವುದು ಅಪನಂಬಿಕೆಯಲ್ಲ.

ಇನ್ನೊಂದೇ ವಿಷಯ. 36ನೇ ವಚನದ ಆ ಬೇರೆ ದೋಣಿಗಳು. ಮಾರ್ಕನು ಅವನ್ನು ಒಮ್ಮೆ ಹೆಸರಿಸಿ ಬಿಟ್ಟುಬಿಡುತ್ತಾನೆ, ಮತ್ತೆ ಅವುಗಳ ಸುದ್ದಿಯೇ ಇಲ್ಲ. ಅವುಗಳಲ್ಲಿ ಯೇಸು ಇರಲಿಲ್ಲ. ಅಲ್ಲಿದ್ದವರು ಯಾರನ್ನೂ ಎಬ್ಬಿಸಲಿಲ್ಲ. ಆದರೆ ಗಾಳಿ ನಿಂತಾಗ ಅವರ ಸುತ್ತಲೂ ನಿಂತಿರಲೇಬೇಕು, ಏಕೆ ನಿಂತಿತು ಎಂಬುದು ಅವರಿಗೆ ತಿಳಿದಿರಲಿಕ್ಕಿಲ್ಲ. ಆ ಜನ ಆ ರಾತ್ರಿ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿರಬಹುದು ಎಂದು ಮಕ್ಕಳನ್ನು ಕೇಳಿ ನೋಡಿ, ನಿಮ್ಮ ಹುಡುಗನನ್ನು ಮುಖ್ಯವಾಗಿ. ಅವನಿಗೆ ಬೋಟಿನ ಮನೆಗಳ ಮಾತು ಗೊತ್ತು.

ಪಾಠವನ್ನು 41ನೇ ವಚನದ ಪ್ರಶ್ನೆಯಲ್ಲೇ ನಿಲ್ಲಿಸಿ, ಪುಸ್ತಕ ಮುಚ್ಚಿ. ಮುಂದಿನ ಭಾನುವಾರ ಐದನೇ ಅಧ್ಯಾಯ, ದೋಣಿ ಆಚೇದಡಕ್ಕೆ ಮುಟ್ಟುತ್ತದೆ. ಅಲ್ಲಿ ಸರಪಳಿ ಹರಿದುಕೊಂಡು ಸಮಾಧಿಗಳ ನಡುವೆ ಕೂಗುತ್ತಿರುವ ಒಬ್ಬ ಕಾದಿದ್ದಾನೆ, ಅವನ ಹಿಂದೆ ಗುಡ್ಡದ ಮೇಲೆ ಸುಮಾರು ಎರಡು ಸಾವಿರ ಹಂದಿಗಳು ಮೇಯುತ್ತಿವೆ. ಅವೆಲ್ಲ ಇದೇ ಸರೋವರಕ್ಕೆ ಬಿದ್ದು ಸಾಯುತ್ತವೆ. ಹಂದಿಗಳು ಏನು ತಪ್ಪು ಮಾಡಿದ್ದವು ಟೀಚರ್ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ತಯಾರಾಗಿ ಹೋಗಿ.